ತಂಗಿ, ಮೊಬೈಲ್ ಒಳಗಿಡು, ಬಾಲ್‌ಪೆನ್ ತೆಗಿ

ತಂಗಿ,

ಬರೆಯೋಕೆ ಏನೂ ಹೊಳೆಯುತ್ತಿಲ್ಲ ಅಂದಿದ್ದೀಯ. ಹೊಳೆಯಲಿ ಅಂತ ಕಾಯುತ್ತಾ ಕೂರಬೇಡ, ಶ್ರೀರಂಗಪಟ್ಟಣದ ಬಸ್ಸು ಹತ್ತು. ಗೆರೆ ಇಲ್ಲದ ಒಂದು ನೋಟ್‌ಬುಕ್ಕು, ಒಂದು ಬಾಲ್‌ಪೆನ್ನು ಸಾಕು. ದುಬಾರಿ ಸ್ಕೆಚ್‌ಬುಕ್ ಅಂತೂ ಬೇಡವೇ ಬೇಡ. ಹಾಳೆ ಚೆನ್ನಾಗಿದ್ದಷ್ಟೂ ಅದರ ಮೇಲೆ ಗೀಚೋಕೆ ಕೈ ಹಿಂಜರಿಯುತ್ತದೆ.

ಸೀದಾ ದರಿಯಾ ದೌಲತ್‌ಗೆ ಹೋಗು. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಯುದ್ಧದ ಚಿತ್ರವಿದೆ, 1780ರಲ್ಲಿ ಹೈದರನೂ ಟಿಪ್ಪುವೂ ಈಸ್ಟ್ ಇಂಡಿಯಾ ಕಂಪನಿ ಸೈನ್ಯವನ್ನು ಬಗ್ಗುಬಡಿದ ಯುದ್ಧ. ಹೆಚ್ಚಿನವರು ಎರಡು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ನೀನು ನಿಲ್ಲು. ಇಡೀ ಗೋಡೆ ಬಿಡಿಸೋಕೆ ಹೋಗಬೇಡ, ಪಲ್ಲಕ್ಕಿಯಲ್ಲಿ ಕೂತ ಕಂಪನಿ ದಂಡಿನ ನಾಯಕ ಕರ್ನಲ್ ಬೇಲಿ (Baillie) ಒಬ್ಬನನ್ನೇ ಬಿಡಿಸು. ಗಾಯಗೊಂಡಿದ್ದಾನೆ, ಬೆರಳು ಬಾಯಲ್ಲಿದೆ. ನಮ್ಮ ಹಳೇ ಚಿತ್ರಗಳಲ್ಲಿ ದಿಗ್ಭ್ರಮೆ ತೋರಿಸುವ ರೀತಿ ಅದು. ಅವನ ಸುತ್ತ ಕೆಂಪು ಕೋಟಿನವರ ಸಾಲು, ಹತ್ತಿರದಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ.

ಆಮೇಲೆ ಆ ಕೆಂಪು ಕೋಟುಗಳನ್ನೂ ಬಿಡಿಸು. ಒಂದೇ ಅಚ್ಚಿನಲ್ಲಿ ತೆಗೆದ ಹಾಗಿರುವ ಮುಖಗಳು, ನಾಲ್ಕನೆಯದಕ್ಕೇ ಬೇಜಾರು ಬರುತ್ತದೆ, ಅಲ್ವಾ? ಬರಲಿ. ಬೇಜಾರಾದಾಗಲೇ ತಲೆ ಬೇರೆ ಕಡೆ ಓಡುವುದು. ಇವರೆಲ್ಲ ಯಾರು? ಬೇಲಿಯ ದಂಡಿನಲ್ಲಿ ಬಿಳಿಯರಿಗಿಂತ ಜಾಸ್ತಿ ಇದ್ದವರು ಮದ್ರಾಸ್ ಕಡೆಯ ಸಿಪಾಯಿಗಳು. ಬೇಲಿ ಸೆರೆಯಲ್ಲಿ 1782ರಲ್ಲಿ ಸತ್ತ, ಅವನ ಅಣ್ಣನ ಮಗನೋ ತಂಗಿಯ ಮಗನೋ 1816ರಲ್ಲಿ ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಹತ್ತಿರ ಅವನಿಗೆ ಸ್ಮಾರಕ ಕಟ್ಟಿಸಿದ. ಅಲ್ಲಿಗೂ ಹೋಗಿ ನೋಡು. ಸಿಪಾಯಿಗಳ ಸುದ್ದಿ ಅವರವರ ಮನೆಗೆ ಯಾರು ಮುಟ್ಟಿಸಿದರು, ಎಷ್ಟು ದಿನಕ್ಕೆ, ಮುಟ್ಟಿತೋ ಇಲ್ಲವೋ? ನೋಡು, ಕಥೆ ಶುರುವಾಯಿತು. ಫೋಟೊ ಕ್ಲಿಕ್ಕಿಸಿ ಬಂದಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ ಅನ್ನೋದು ನನ್ನ ವಾದ.

ಚಿತ್ರ ಸೊಟ್ಟಗಾದರೆ ಆಗಲಿ, ಅದನ್ನು ಯಾರಿಗೂ ತೋರಿಸಬೇಕಿಲ್ಲ, ಸುಮ್ನೆ ಇನ್‌ಸ್ಟಾಗ್ರಾಂಗೆ ಹಾಕಿ ಲೈಕ್ ಎಣಿಸುತ್ತಾ ಕೂರಬೇಡ. ಪಕ್ಕದಲ್ಲೇ ಕಿವಿಗೆ ಬಿದ್ದ ಮಾತು ಬರೆದುಕೋ. ಟೂರ್ ಬಂದ ಮಕ್ಕಳು, ಗೈಡು, "ಇನ್ನೂ ಎಷ್ಟೊತ್ತು?" ಅಂತ ಗೊಣಗುವ ಗಂಡ, ಎಲ್ಲರದೂ. ಬಸ್ ಟಿಕೆಟ್ಟನ್ನೂ ಅಂಟಿಸು. ನೋಡಿದ್ದು ಒಂದು ಕಡೆ, ಊಹಿಸಿದ್ದು ಇನ್ನೊಂದು ಕಡೆ ಇರಲಿ. ಎರಡೂ ಬೆರೆತರೆ ಆಮೇಲೆ ಬಿಡಿಸೋದು ಕಷ್ಟ.

ಬೆಂಗಳೂರಿಗೆ ವಾಪಸ್ಸಾದ ಮೇಲೆ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡು. ಕುಣಿಯುವ ಮೈಯನ್ನು ಅವರು ಬೆರಳೆಣಿಕೆ ಗೆರೆಗಳಲ್ಲಿ ಹಿಡಿಯುತ್ತಾರೆ. ನೀನು ಕಳಿಸಿದ ಕಥೆಯಲ್ಲಿ ಊರಿನ ವರ್ಣನೆಯೇ ಮೂರು ಪುಟ ಇದೆ. ಅವರ ಗೆರೆ ನೋಡಿದ ಮೇಲೆ ಅದನ್ನು ಅರ್ಧ ಪುಟಕ್ಕೆ ಇಳಿಸು, ತಿಂಗಳ ಕೊನೆಗೆ ಮತ್ತೆ ಕಳಿಸು. ನೋಟ್‌ಬುಕ್ ಮಾತ್ರ ಕಳಿಸಬೇಡ, ಅದು ನಿನ್ನ ಹತ್ತಿರವೇ ಇರಲಿ.

ನಿನ್ನ ಅಕ್ಕ