ಅಜ್ಜಿಗೆ ಲಿಂಕ್ ಬೇಡ ಪುಟ್ಟಿ

ಪುಟ್ಟಿ,

ಹೋದ ವಾರ ಅಜ್ಜಿಯನ್ನು ನೋಡಲು ಹೋಗಿದ್ದೆ. ಚಪ್ಪಲಿ ಬಿಡುವಷ್ಟರಲ್ಲೇ ಫೋನು ತಂದು ನನ್ನ ಕೈಗಿಟ್ಟಳು. "ಇದನ್ನ ನಾನೇ ಕೆಡಿಸಿಬಿಟ್ಟೆ ಅನ್ಸುತ್ತೆ ಕಣೋ" ಅಂದಳು. ಕೆಟ್ಟಿದ್ದು ಏನೂ ಇರಲಿಲ್ಲ. ನೀನು ಕಳಿಸಿದ ಆಲ್ಬಮ್ ಲಿಂಕ್ ಒತ್ತಿದ್ದಾಳೆ, ಅದು ಇಮೇಲ್ ಕೇಳಿದೆ, ಆಮೇಲೆ ಪಾಸ್‌ವರ್ಡ್ ಕೇಳಿದೆ. ತಾನು ಹುಟ್ಟಿದ ವರ್ಷ ಒತ್ತಿ ನೋಡಿದಳಂತೆ. ಆಗಲಿಲ್ಲ. ಫೋನನ್ನು ಬೋರಲು ಹಾಕಿ ಎರಡು ದಿನ ಮುಟ್ಟಿಲ್ಲ.

ನಿನ್ನ ತಪ್ಪು ಅಂತ ಹೇಳ್ತಿಲ್ಲ. ನಿನ್ನ ಮಗುವಿನ ಫೋಟೋ ಕಂಡಕಂಡವರ ಕಣ್ಣಿಗೆ ಬೀಳಬಾರದು ಅಂತ ಆಲ್ಬಮ್‌ಗೆ ಬೀಗ ಹಾಕಿದ್ದೀಯ. ಸರಿಯೇ. ಬೀಗ ತೆಗೆದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ಒಳಗೆ ಬರಬಹುದು. ಒಬ್ಬರು ಇನ್ನೊಬ್ಬರಿಗೆ ದಾಟಿಸಿದರೆ ನಮಗೆ ಗೊತ್ತೂ ಆಗಲ್ಲ. ಆದರೆ ಬೀಗ ಹಾಕಿದಾಗ ಮೊದಲು ಹೊರಗೆ ನಿಲ್ಲೋದು ಅಜ್ಜಿಯೇ ಅಲ್ವಾ? ಅವಳಿಗೆ ಪಾಸ್‌ವರ್ಡ್ ಕಲಿಸೋಣ ಅಂತ ನಾನೂ ಒಂದು ಕಾಲದಲ್ಲಿ ಹಟ ಹಿಡಿದಿದ್ದೆ. ಈಗ ಬಿಟ್ಟಿದ್ದೇನೆ. ಫೋಟೋ ನೋಡೋಕೆ ಪರೀಕ್ಷೆ ಬರೆಯುವ ವಯಸ್ಸಲ್ಲ ಅವಳದು. ತೊಂದರೆ ಏನಿದ್ದರೂ ಕಳಿಸುವವರು ಪಡಬೇಕು.

ಅದಕ್ಕೇ ಹೀಗೆ ಮಾಡು. ಆಲ್ಬಮ್ ಹಾಗೇ ಇರಲಿ, ನಿನಗೆ, ನನಗೆ, ನಿನ್ನ ಅಮ್ಮನಿಗೆ. ಒರಿಜಿನಲ್‌ಗಳೆಲ್ಲ ಅಲ್ಲೇ ಇರಲಿ. ಜಾಗದ ಮೇಲೆ ಮಾತ್ರ ಒಂದು ಕಣ್ಣಿಡು. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಪುಕ್ಕಟೆ ಇಡುವ ಕಾಲ 2021ರ ಜೂನ್‌ಗೇ ಮುಗಿಯಿತು. ಈಗ ಜಿಮೇಲ್, ಡ್ರೈವ್ ಎಲ್ಲಾ ಸೇರಿ 15 ಜಿಬಿ ಅಷ್ಟೇ ಪುಕ್ಕಟೆ. ಅಜ್ಜಿಗೆ ಮಾತ್ರ ವಾಟ್ಸ್‌ಆ್ಯಪ್‌ನಲ್ಲೇ ಕಳಿಸು. ಅವಳು ದಿನಾ ತೆರೆಯುವ ಜಾಗ ಅದೊಂದೇ.

ಒಂದೇ ಸಲ ನಲವತ್ತು ಫೋಟೋ ಸುರಿಯಬೇಡ ಮಾರಾಯ್ತಿ. ಅದರಲ್ಲಿ ಮೂವತ್ತು ಒಂದೇ ಥರ ಇರುತ್ತವೆ. ಅಜ್ಜಿಯ ಫೋನು ಬಂದದ್ದನ್ನೆಲ್ಲ ತಾನೇ ಇಳಿಸಿಕೊಂಡು ತುಂಬಿ ಕೂತಿತ್ತು. ಗುಡ್ ಮಾರ್ನಿಂಗ್ ಹೂವುಗಳನ್ನೆಲ್ಲ ಅಳಿಸಲು ನನಗೆ ಒಂದು ಗಂಟೆ ಹಿಡಿಯಿತು. ಅವಳ ಒಣಗಿದ ಬೆರಳಿಗೆ ಸ್ಕ್ರೀನ್ ಒಮ್ಮೊಮ್ಮೆ ಓಗೊಡುವುದೂ ಇಲ್ಲ, ನಲವತ್ತು ಸಲ ಸರಿಸೋಕಾಗುತ್ತಾ? ವಾರಕ್ಕೆ ಮೂರೋ ನಾಲ್ಕೋ ಸಾಕು. ಜೊತೆಗೆ ವಾಯ್ಸ್ ಮೆಸೇಜ್‌ನಲ್ಲಿ ಎರಡು ಮಾತು ಹೇಳು, ಪಕ್ಕದಲ್ಲಿ ನಿಂತವರು ಯಾರು, ಮಗು ಯಾಕೆ ಅಳ್ತಿದೆ ಅಂತ. ಕೆಳಗೆ ಬರೆದ ಸಣ್ಣ ಅಕ್ಷರ ಅವಳಿಗೆ ಕಾಣಲ್ಲ.

ಇನ್ನು ಆ ಸ್ನಾನದ ವೀಡಿಯೋ ವಿಷಯ. ಯಾರು ಸ್ಟೇಟಸ್‌ಗೆ ಹಾಕಿದ್ದು ಅಂತ ನಿನಗೂ ಗೊತ್ತು, ಹೆಸರು ಬೇಡ. ನಾನೇ ಫೋನ್ ಮಾಡಿ ತೆಗೆಸಿದೆ. "ಮುದ್ದಾಗಿತ್ತು ಅಂತ ಹಾಕ್ದೆ" ಅಂದರು, ಅವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವಾಟ್ಸ್‌ಆ್ಯಪ್ ಮೆಸೇಜ್‌ಗಳು 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿ ಹೋಗುತ್ತವೆ, ದಾರಿಯಲ್ಲಿ ಯಾರೂ ಇಣುಕೋಕಾಗಲ್ಲ, ನಿಜ. ತಲುಪಿದ ಮೇಲೆ ಫಾರ್ವರ್ಡ್ ಬಟನ್ ಇದೆಯಲ್ಲ, ಅದಕ್ಕೇನು ಮಾಡ್ತೀಯ? ಮೈಮೇಲೆ ಬಟ್ಟೆ ಇಲ್ಲದ ಫೋಟೋ, ವೀಡಿಯೋ ಯಾವ ಗ್ರೂಪಿಗೂ ಹಾಕಬೇಡ. ನಮ್ಮ ಮೂವರ ಆಲ್ಬಮ್‌ನಲ್ಲಿ ಇದ್ದರೆ ಸಾಕು. ದೊಡ್ಡ ಗ್ರೂಪಿಗೆ ಫೋಟೋವನ್ನು, ಕುಗ್ಗದೆ ಹೋಗಲಿ ಅಂತ, ಡಾಕ್ಯುಮೆಂಟ್ ಮಾಡಿಯೂ ಕಳಿಸಬೇಡ. ಹಾಗೆ ಹೋದ ಫೈಲಿನೊಳಗೆ ಎಲ್ಲಿ ತೆಗೆದದ್ದು ಅನ್ನುವ ಗುರುತೂ ಇರಬಹುದು, ಅಂದರೆ ನಿಮ್ಮ ಮನೆಯ ಜಾಗವೇ.

ಸರಿ, ಬೈದದ್ದು ಸಾಕು. ಒಳ್ಳೇದು ಒಂದು ಹೇಳ್ತೀನಿ. ಹೋಗುವಾಗ ನಿನ್ನ ಫೋಟೋಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದೆ. ಅಜ್ಜಿಯ ಟಿವಿಯ ಹಿಂದೆ ಚುಚ್ಚಿದೆ. ಅರ್ಧ ಫೋಟೋ ಕಾಣಿಸಲೇ ಇಲ್ಲ, ಬೂದು ಚೌಕ ಬಂತು. ಅವೆಲ್ಲ ಎಚ್‌ಇಐಸಿ ಫೈಲುಗಳು, ಅಂದರೆ ಐಫೋನು ಫೋಟೋ ಉಳಿಸುವ ಹೊಸ ಬಗೆ. ಆ ಹಳೇ ಟಿವಿಗೆ ಹಳೇ ಬಗೆಯ ಜೆಪೆಗ್ ಬಿಟ್ಟು ಬೇರೆ ಓದೋಕೆ ಬರಲ್ಲ. ನಿನ್ನ ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ಸ್ ಅಂತ ಇದೆ, ಅಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿಬಿಡು, ಮುಂದೆ ತೆಗೆಯುವುದೆಲ್ಲ ಜೆಪೆಗ್ ಆಗುತ್ತೆ. ಉಳಿದರ್ಧ ಮಾತ್ರ ಚೆನ್ನಾಗಿ ಬಂತು. ಮಗು ಕವುಚಿ ಮಲಗಿ ಕಾಲು ಎತ್ತಿದ ಫೋಟೋ ಬಂದಾಗ ಅಜ್ಜಿ ಎದ್ದು ಟಿವಿ ಹತ್ತಿರ ಹೋದಳು. ಅಂಗಾಲಿನ ಮೇಲೆ ಬೆರಳಿಟ್ಟು, "ನಿಮ್ಮಪ್ಪನ ಪಾದವೇ ಕಣೋ ಇದು, ಹೆಬ್ಬೆರಳು ನೋಡು" ಅಂದಳು. ನನಗೆ ಅಪ್ಪನ ಪಾದ ನೆನಪಿರಲೇ ಇಲ್ಲ. ಟಿವಿ ಮೇಲೆ ಬಿದ್ದ ಬೆರಳಿನ ಗುರುತನ್ನು ಸೆರಗಿಂದ ಒರೆಸಿ ಬಂದು ಕೂತಳು.

ವೀಡಿಯೋ ತೆಗೆಯುವಾಗ ಫೋನು ಅಡ್ಡ ಹಿಡಿ. ಉದ್ದುದ್ದ ತೆಗೆದರೆ ಟಿವಿಯಲ್ಲಿ ಎರಡೂ ಪಕ್ಕ ಕಪ್ಪು, ನಡುವೆ ಕಡ್ಡಿಯಷ್ಟು ಮಗು.

ಅವಳಿಗೆ ಕೈಯಲ್ಲಿ ಹಿಡಿಯಲು ಒಂದು ಪ್ರಿಂಟ್ ಬೇಕಂತೆ. ಆ ಪಾದದ್ದೇ. ಚೆನ್ನಾಗಿ ಬರಬೇಕೆಂದರೆ 4x6 ಇಂಚಿಗೆ 1200x1800 ಪಿಕ್ಸೆಲ್ ಆದರೂ ಇರಬೇಕು, ಮೆಸೇಜ್‌ನಲ್ಲಿ ಕುಗ್ಗಿ ಬಂದದ್ದನ್ನು ಕೊಡಲ್ಲ. ಆಲ್ಬಮ್‌ನಿಂದ ನಾನೇ ತೆಗೆದು ಮಾಡಿಸ್ತೀನಿ.

ಮತ್ತೆ, ಶನಿವಾರದ ವೀಡಿಯೋದ ಕೊನೆಯಲ್ಲಿ ಮಗು ಏನೋ ಅಂದಿದೆ. ಅಜ್ಜಿ ಅದು "ಅಜ್ಜಿ" ಅಂತ ಹಟ ಮಾಡ್ತಾಳೆ. ನನಗೆ ಬರೀ ಫ್ಯಾನಿನ ಸದ್ದು ಕೇಳಿಸಿತು. ಆ ಒಂದು ವೀಡಿಯೋ ಮಾತ್ರ ನನಗೆ ಡಾಕ್ಯುಮೆಂಟ್ ಆಗಿ ಕಳಿಸು. ಇಯರ್‌ಫೋನ್ ಹಾಕಿ ಕೇಳಿ ಅವಳಿಗೆ ಹೇಳಬೇಕು.

ನಿನ್ನ ಅಪ್ಪ