ರದ್ದಿಗೆ ಹಾಕುವ ಮೊದಲು ಒಂದು ಮಾತು ಹೇಳಿ

ಮುಂಬೈಯ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ರಾಜ್ಯೋತ್ಸವದ ಬಗ್ಗೆ ಇಲ್ಲಿ ಬರೆಯೋಣ ಅಂತಿದ್ದೆ. ಅದರ ವರದಿ ಒಳಪುಟದಲ್ಲಿದೆ, ಓದಿಕೊಳ್ಳಿ. ಈಗ ಹೇಳಲೇಬೇಕಾದ್ದು ಬೇರೆ ಇದೆ.

ದೀಪಾವಳಿ ರಜೆಯಲ್ಲಿ ಕನ್ನಡ ತರಗತಿಯ ಮಕ್ಕಳನ್ನು ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆವು. ರಾಣಿ ಬಾಗ್ ಪ್ರಾಣಿಸಂಗ್ರಹಾಲಯದ ಹತ್ತಿರದ್ದು, 1872ರಲ್ಲಿ ಬಾಗಿಲು ತೆರೆದದ್ದು. ಹಳೆಯ ಬೊಂಬಾಯಿಯ ಜನರ ಪುಟ್ಟ ಮಣ್ಣಿನ ಗೊಂಬೆಗಳು ಅಲ್ಲಿವೆ. ಬೇರೆ ಬೇರೆ ಸಮುದಾಯ, ಬೇರೆ ಬೇರೆ ಕಸುಬು. ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದ ಒಬ್ಬ ಹುಡುಗಿ ಕೇಳಿದಳು, "ಆಂಟಿ, ಇದರಲ್ಲಿ ನಮ್ಮ ಹೋಟೆಲಿನವರು ಯಾಕಿಲ್ಲ?"

ನಮ್ಮವರ ಹೋಟೆಲುಗಳು ಊರೆಲ್ಲ ಹಬ್ಬುವ ಮೊದಲಿನ ಗೊಂಬೆಗಳು ಇವು ಅಂದೆ. ಆ ಉತ್ತರ ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ.

ಇದೇ ಮ್ಯೂಸಿಯಮ್ಮಿನಲ್ಲಿ 2011ರ ಸುಮಾರಿಗೆ ನಮ್ಮ ಕೋಟೇಶ್ವರದ ಕಲಾವಿದ ಎಲ್. ಎನ್. ತಲ್ಲೂರ್ ಅವರ ಏಕವ್ಯಕ್ತಿ ಪ್ರದರ್ಶನ ನಡೆದಿತ್ತು. ಅದರ ಹೆಸರು 'ಕ್ವಿಂಟೆಸೆನ್ಶಿಯಲ್'. ತಲ್ಲೂರ್ ಮೈಸೂರಿನಲ್ಲಿ ಕಲೆ ಕಲಿತು, ಬರೋಡಾದಲ್ಲಿ ಮ್ಯೂಸಿಯಂ ಬಗ್ಗೆಯೇ ಓದಿದವರು. ಅವರ ಇನ್ನೊಂದು ಕೃತಿಯಲ್ಲಿ ದೊಡ್ಡ ಮರದ ದಿಮ್ಮಿ ಇರುತ್ತದೆ. ನೋಡಲು ಬಂದವರೇ ಸುತ್ತಿಗೆ ಹಿಡಿದು ಅದಕ್ಕೆ ನಾಣ್ಯ ಹೊಡೆಯಬೇಕು. ಸುಮ್ನೆ ನೋಡಿಕೊಂಡು ಹೋಗುವ ಹಾಗಿಲ್ಲ. 2013ರಲ್ಲಿ ಕಲಾವಿದೆ ರೀನಾ ಸೈನಿ ಕಲ್ಲಟ್ ಇದೇ ಕಟ್ಟಡದ ಮುಂಗೋಡೆಗೆ ಭಾರೀ ಜೇಡರ ಬಲೆಯೊಂದನ್ನು ಹೊದಿಸಿದ್ದರು. ಬಲೆಯ ಎಳೆಗಳೆಲ್ಲ ರಬ್ಬರ್ ಸ್ಟ್ಯಾಂಪುಗಳು. ಅವುಗಳ ಮೇಲೆ ಮುಂಬೈಯ ರಸ್ತೆಗಳ ಹಳೆಯ, ಈಗ ಬದಲಾದ ಹೆಸರುಗಳು.

ಹೀಗೆ ಒಂದು ಜಾಗದಲ್ಲಿ ವಸ್ತುಗಳನ್ನು ಜೋಡಿಸಿ ಮಾಡುವ ಕಲೆಗೆ ಇನ್‌ಸ್ಟಲೇಶನ್ ಅನ್ನುತ್ತಾರೆ. ಅದು ಅರ್ಥವಾಗದ್ದು ಅಂತ ನಮ್ಮಲ್ಲಿ ತುಂಬಾ ಜನ ದೂರ ಉಳಿಯುತ್ತಾರೆ. ಹಾಗೆ ಮಾಡಬೇಡಿ. ಇಂಥ ಕಲಾವಿದರ ಕೆಲಸ ಬಣ್ಣ ಕಲಸುವುದರಿಂದ ಶುರುವಾಗುವುದಿಲ್ಲ. ಕಡತ ಹುಡುಕುವುದರಿಂದ, ವಯಸ್ಸಾದವರನ್ನು ಕೇಳುವುದರಿಂದ ಶುರುವಾಗುತ್ತದೆ. ರಸ್ತೆಗಳ ಆ ಹಳೆಯ ಹೆಸರುಗಳ ಪಟ್ಟಿಯನ್ನು ಯಾರೋ ಇಟ್ಟುಕೊಂಡಿದ್ದರು, ಅದಕ್ಕೇ ಬಲೆ ಹೆಣೆಯಲು ಆಯಿತು. ನಮ್ಮ ಪಟ್ಟಿ ಯಾರ ಹತ್ತಿರ ಇದೆ?

ನನ್ನ ಅಪ್ಪಯ್ಯ ದಾದಾಭಾಯಿ ನವರೋಜಿ ರಸ್ತೆಯನ್ನು ಕೊನೆಯವರೆಗೂ ಹಾರ್ನ್‌ಬಿ ರೋಡ್ ಅಂತಲೇ ಕರೆದರು. ಹಗಲು ಕೋಟೆ (ಫೋರ್ಟ್) ಪ್ರದೇಶದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ರಾತ್ರಿ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹಗಲು ಬೇರೆ ಮಕ್ಕಳು ಕೂರುವ ಬೆಂಚುಗಳಲ್ಲಿ ರಾತ್ರಿ ಹೋಟೆಲ್ ಮಾಣಿಗಳು. ಕೈಕಾಲು ತೊಳೆದು, ಒದ್ದೆ ಕೂದಲು ಬಾಚಿಕೊಂಡು ಬರುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಹೋಮ್‌ವರ್ಕ್ ಮಾಡುತ್ತಾ ಕೂತಿರುತ್ತಿದ್ದೆ. ತೂಕಡಿಸುವ ಹುಡುಗರನ್ನು ಅಪ್ಪಯ್ಯ ಬೈದದ್ದು ನೆನಪಿಲ್ಲ. ಬೆಳಗಿನ ಜಾವಕ್ಕೇ ಎದ್ದು ಹಿಟ್ಟು ರುಬ್ಬಿದವರು ಅವರು, ಏನಂತ ಬೈಯುವುದು?

ಅಕ್ಷರ ಕೂಡಿಸಲು ಬಂದ ಕೂಡಲೇ ಮನಿಆರ್ಡರ್ ಫಾರಂ ತುಂಬುವುದು ಕಲಿಸುತ್ತಿದ್ದರು. ಫಾರಂನ ಕೆಳಗೆ ನಾಲ್ಕು ಮಾತು ಬರೆಯಲು ಒಂಚೂರು ಜಾಗ ಇರುತ್ತಿತ್ತಲ್ಲ, ಅದಕ್ಕಾಗಿ. ಅಲ್ಲಿಯವರೆಗೆ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ಇನ್ನೊಬ್ಬರಿಗೆ ಹೇಳಿ ಬರೆಸುವಾಗ ಅಮ್ಮನಿಗೆ ಹೇಳಬೇಕಾದ್ದನ್ನು ಹೇಳಲು ನಾಚಿಕೆ. ತಾವೇ ಬರೆಯಲು ಶುರು ಮಾಡಿದ ಮೇಲೆ ಆ ಚೂರು ಜಾಗದಲ್ಲಿ ಕರು ಹೇಗಿದೆ, ತಂಗಿಯ ಜ್ವರ ಬಿಟ್ಟಿತಾ, ಎಲ್ಲ ತುಂಬಿಸುತ್ತಿದ್ದರು. ಅಭ್ಯಾಸದ ಹಾಳೆಗಳನ್ನು ಅಪ್ಪಯ್ಯ ಹಾಜರಿ ಪುಸ್ತಕದೊಳಗೆ ಇಟ್ಟಿದ್ದಾರೆ. ಆ ಪುಸ್ತಕ ಈಗ ನನ್ನ ತಂಗಿಯ ಮನೆಯಲ್ಲಿದೆ. ಹೆಸರಿನ ಮುಂದೆ ಊರು: ಬೈಂದೂರು, ಶಿರ್ವ, ಕಾರ್ಕಳ. ಅದರ ಮುಂದೆ ಕೆಲಸ: ಕ್ಲೀನರ್, ಸಪ್ಲೈಯರ್. ಕೆಲವು ಹೆಸರುಗಳ ಮುಂದೆ ನಡುವೆಯೇ ಹಾಜರಿ ನಿಂತು, 'ಊರಿಗೆ ಹೋದ' ಅಂತ ಇದೆ. ಯಾಕೆ ಹೋದ, ಮತ್ತೆ ಬಂದನಾ? ನಿಮ್ಮಲ್ಲಿ ಯಾರಿಗಾದರೂ ಗೊತ್ತಿರಬಹುದು. ಅವನು ನಿಮ್ಮ ಅಜ್ಜನೇ ಇರಬಹುದು.

ಮಾಟುಂಗ, ದಾದರ್, ವಡಾಲಾ ಕಡೆ ಹಳೆಯ ಕಟ್ಟಡಗಳೆಲ್ಲ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಪೆಟ್ಟಿಗೆಗಟ್ಟಲೆ ಕಾಗದ ರದ್ದಿಯವನ ತಕ್ಕಡಿಗೆ ಬೀಳುತ್ತಿದೆ. ದಯವಿಟ್ಟು ತಡೆಯಿರಿ. ಹೋಟೆಲಿನ ದರಪಟ್ಟಿ, ಊಟದ ಕೂಪನ್, ಲೆಕ್ಕದ ಪುಸ್ತಕ, ಯಕ್ಷಗಾನದ ಕರಪತ್ರ, ಊರಿನ ಕಾಗದ, ಏನೇ ಇರಲಿ. ನಮಗೆ ಕೊಡಿ, ಇಲ್ಲವೇ ಫೋಟೊ ತೆಗೆಯಲಾದರೂ ಬಿಡಿ. ವಾರ್ಷಿಕೋತ್ಸವಕ್ಕೆ ಸಭಾಂಗಣದ ಪಕ್ಕದ ಕೋಣೆ ಸಿಕ್ಕಿದೆ. ಮೊದಲ ಸಲ ಅಲ್ಲೇ ಜೋಡಿಸೋಣ. ಮುಂದೊಂದು ದಿನ ಯಾರಾದರೂ ಕಲಾವಿದರು ಹುಡುಕಿಕೊಂಡು ಬಂದರೆ ಕೊಡಲು ನಮ್ಮ ಕೈಯಲ್ಲಿ ಏನಾದರೂ ಇರಬೇಕು, ಅಲ್ವಾ?

ಜಾಗ ಕಮ್ಮಿ, ಸೂಚನೆಗಳು ಬೇಗ ಬೇಗ: ತಾಳಮದ್ದಳೆ ಈ ತಿಂಗಳ ಕೊನೆಯ ಶನಿವಾರ ಸಂಜೆ 5ಕ್ಕೆ. ಮಕ್ಕಳ ಕನ್ನಡ ತರಗತಿ ಎಂದಿನಂತೆ ಭಾನುವಾರ ಬೆಳಿಗ್ಗೆ. ಚಂದಾ ಬಾಕಿ ಇರುವವರು ಖಜಾಂಚಿಯವರನ್ನು ಕಾಣಿ. ಕೋಟೇಶ್ವರದ ಕೋಡಿ ಹಬ್ಬಕ್ಕೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವವರು ಅಲ್ಲಿನ ಮನೆಯ ಅಟ್ಟವನ್ನೂ ಒಮ್ಮೆ ನೋಡಿ ಬನ್ನಿ.

ಈ ಪತ್ರಿಕೆಯ ಟೈಪಿಂಗ್, ಪ್ರೂಫ್, ಅಂಚೆ ಎಲ್ಲವೂ ಈಗ ಇಬ್ಬರ ಮೇಲೆ ನಿಂತಿದೆ. ಕೋಣೆಯ ಕೆಲಸವೂ ಸೇರಿದರೆ ನಮ್ಮಿಂದ ಆಗುವುದಿಲ್ಲ. ಸ್ಕ್ಯಾನ್ ಮಾಡಲು ಬರುವ ಹುಡುಗ ಹುಡುಗಿಯರು ಬೇಕು. ಹಳೆಯ ಕೈಬರಹ ಓದಬಲ್ಲ ಹಿರಿಯರು ಅದಕ್ಕಿಂತ ಜಾಸ್ತಿ ಬೇಕು. ಬರುವ ಭಾನುವಾರ ತರಗತಿ ಮುಗಿದ ಮೇಲೆ ಸಂಘದ ಆಫೀಸಿನಲ್ಲೇ ಇರುತ್ತೇನೆ. ಚಹಾ ಇರುತ್ತದೆ, ಬನ್ನಿ.