ಬೇಡ ಅಂದರೂ ಪಾಲಿಶ್ ಮಾಡಿ ಹಾಲ್‌ಮಾರ್ಕ್ ಸವೆಸಿದ ಬಗ್ಗೆ ದೂರು

ಬೆಳ್ಳಿ ರಿಪೇರಿ ವಿಭಾಗದವರಿಗೆ ನಮಸ್ಕಾರ,

ನಿಮಗೆ ಕೊಟ್ಟಿದ್ದು ಒಂದೇ ಕೆಲಸ. ಹಾಲು ಹಾಕುವ ಹಳೆಯ ಬೆಳ್ಳಿ ಜಗ್ಗಿನ ಹಿಡಿ ಬೆಸುಗೆ ಬಿಟ್ಟಿತ್ತು, ಅದನ್ನು ಕೂರಿಸಬೇಕಿತ್ತು. ಪಾಲಿಶ್ ಬೇಡ, ಡಿಪ್ (ಬೆಳ್ಳಿಯ ಕಪ್ಪು ತೆಗೆಯಲು ಅದ್ದುವ ರಾಸಾಯನಿಕ ದ್ರವ) ಬೇಡ, ತಳ ಮುಟ್ಟಬೇಡಿ ಅಂತ ಆರ್ಡರ್ ಫಾರಂನಲ್ಲೇ ಬರೆದಿದ್ದೆ. ವಾಪಸ್ ಬಂದದ್ದು ಥಳಥಳ ಹೊಳೆಯುವ ಜಗ್. ಹಿಡಿ ಗಟ್ಟಿಯಾಗಿದೆ, ಅದು ನಿಜ. ಬೆಸುಗೆಯ ಸುತ್ತ ಬಣ್ಣ ಕೆಟ್ಟಿದ್ದರೆ ಅಷ್ಟನ್ನು ಮಾತ್ರ ಕೈಯಲ್ಲಿ ಒರೆಸಬಹುದಿತ್ತು, ಅಲ್ವಾ? ಹಿಡಿ ರಿಪೇರಿಗೆ ತಳವನ್ನು ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಒಡ್ಡಿದ್ದು ಯಾಕೆ?

ತಳದಲ್ಲಿ ಇಂಗ್ಲೆಂಡಿನ ಹಾಲ್‌ಮಾರ್ಕಿನ ಐದು ಗುರುತುಗಳಿದ್ದವು. ನಡೆಯುವ ಸಿಂಹ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಲಂಗರು, ಅಂದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪರೀಕ್ಷೆ ಆದದ್ದು. ಸುಂಕ ಕಟ್ಟಿದ್ದಕ್ಕೆ ವಿಕ್ಟೋರಿಯಾ ರಾಣಿಯ ತಲೆ. ಜೊತೆಗೆ ಮಾಡಿದವರ ಇನಿಷಿಯಲ್ ಮತ್ತು ವರ್ಷದ ಅಕ್ಷರ. ಈ ಕೊನೆಯದೇ ಈಗ ಬರೀ ತಗ್ಗಾಗಿ ಉಳಿದಿದೆ. ಅಕ್ಷರಮಾಲೆ ಒಂದು ಸುತ್ತು ಮುಗಿದರೆ ಬೇರೆ ಬರಹದಲ್ಲಿ, ಬೇರೆ ಚೌಕಟ್ಟಿನಲ್ಲಿ ಮತ್ತೆ ಶುರು ಮಾಡುತ್ತಿದ್ದರು, ಹಾಗಾಗಿ ಅಂಚಿನ ಆಕಾರವೂ ಸ್ಪಷ್ಟವಾಗಿದ್ದರೆ ಮಾತ್ರ ವರ್ಷ ಸಿಗುತ್ತದೆ. ರಾಣಿಯ ತಲೆಯೊಂದನ್ನೇ ನಂಬಿದರೆ 1837ರಿಂದ, ಸುಂಕ ನಿಂತ 1890ರವರೆಗೆ ಯಾವಾಗಲೋ ಅಂತ ಹೇಳಬೇಕಷ್ಟೆ.

ಕೆತ್ತನೆಯ ಸಂದಿನ ಕಪ್ಪನ್ನು ನಿಮ್ಮವರು ಫೋನಿನಲ್ಲಿ ಕೊಳೆ ಅಂದರು. ಅದು ಕೊಳೆ ಅಲ್ಲ. ಗಾಳಿಯಲ್ಲಿನ ಗಂಧಕದ ಅಂಶ ಬೆಳ್ಳಿಗೆ ತಾಗಿ ನಿಧಾನವಾಗಿ ಕಟ್ಟುವ ಪದರ, ಹೂಬಳ್ಳಿ ಎದ್ದು ಕಾಣುತ್ತಿದ್ದದ್ದೇ ಅದರಿಂದ. ಉಬ್ಬಿದ ಭಾಗವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಸಂದಿನ ಕಪ್ಪನ್ನು ಹಾಗೇ ಬಿಡುವುದು ಹಳೆಯ ಬೆಳ್ಳಿ ನೋಡಿಕೊಳ್ಳುವವರಿಗೆಲ್ಲ ಗೊತ್ತಿರುವ ಮಾತು. ಡಿಪ್ ಆ ಪದರವನ್ನು ಸಂದಿನೊಳಗಿಂದಲೂ ಕರಗಿಸುತ್ತದೆ. ಚಕ್ರವಂತೂ ಬೆಳ್ಳಿಯನ್ನೇ ಸವೆಸುತ್ತದೆ, ಅದು ತಿರುಗಿ ಬರುವುದಿಲ್ಲ.

ನನಗೆ ತುಂಬಾ ಸಿಟ್ಟು ಬಂದದ್ದು ನಿಮ್ಮ ಪರಿಹಾರ ಕೇಳಿ. ಗುರುತುಗಳನ್ನು ಮತ್ತೆ ಕೆತ್ತಿಕೊಡುತ್ತೀರಂತೆ! ಬ್ರಿಟನ್‌ನಲ್ಲಿ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಪ್ರಕಾರ ಹಾಲ್‌ಮಾರ್ಕ್ ನಕಲು ಮಾಡುವುದು, ಅನುಮತಿ ಇಲ್ಲದೆ ತಿದ್ದುವುದು ಅಪರಾಧ. ಸವೆದ ಗುರುತಾದರೂ ಅಸಲಿ. ಹೊಸದಾಗಿ ಕೆತ್ತಿದರೆ ಇಡೀ ಜಗ್ಗಿನ ಮೇಲೆ ಅನುಮಾನ ಬರುತ್ತದೆ. ರಾಸಾಯನಿಕ ಹಚ್ಚಿ ಕಪ್ಪು ಮಾಡಿಕೊಡುವ ಮಾತೂ ಬೇಡ.

ರಿಪೇರಿಯ ಹಣ ಪೂರ್ತಿ ವಾಪಸ್ ಕೊಡಿ. ನಿಮಗೆ ಸಂಬಂಧವಿಲ್ಲದ ಒಬ್ಬ ಪರಿಣತರಿಂದ ಬೆಲೆ ಕಟ್ಟಿಸಿ, ಕಡಿಮೆಯಾದ ಮೊತ್ತ ತುಂಬಿಕೊಡಿ. ಯಾವ ಡಿಪ್ ಬಳಸಿದಿರಿ ಅನ್ನುವುದನ್ನೂ ಬರೆದು ತಿಳಿಸಿ, ಯಾಕಂದರೆ ಅದರ ಉಳಿಕೆ ಟೊಳ್ಳು ಹಿಡಿಯೊಳಗೆ ಸೇರಿಕೊಂಡಿದ್ದರೆ ಒಳಗಿಂದ ಕೆಡುತ್ತದೆ. ಕಳಿಸುವ ಮೊದಲು ಮತ್ತು ಬಂದ ಮೇಲೆ ತೆಗೆದ ತಳದ ಫೋಟೋಗಳು, ಆರ್ಡರ್ ಫಾರಂನ ಪ್ರತಿ ಇದರ ಜೊತೆಗಿವೆ. ಫೋನ್ ಬೇಡ, ಉತ್ತರ ಬರಹದಲ್ಲೇ ಬರಲಿ, 15 ದಿನದೊಳಗೆ.

ಇಂತಿ,
ನಿಮ್ಮ ಗ್ರಾಹಕಿ